ಡಾಲರಿನ ತವರೂರಿನಲ್ಲಿ ಒಂದು ದಿನ

ಪ್ರಾಗ್ ನಗರಕ್ಕೆ ಹೋದವರೆಲ್ಲ ನೋಡುವ ಗಡಿಯಾರವನ್ನು ನಾನೂ ನೋಡಿದೆ. 1410ರಲ್ಲಿ ಕೂರಿಸಿದ ಆ ಖಗೋಳ ಗಡಿಯಾರದ ಮುಂದೆ ಆದದ್ದು ಆನಂದ. ಅದರ ಪಕ್ಕದ ಬೀದಿಯಲ್ಲಿ ಆದದ್ದು ನಷ್ಟ. 2023ರ ಮೇ ತಿಂಗಳು. ‘ಕಮಿಷನ್ ಇಲ್ಲ’ ಎಂಬ ಫಲಕ ಕಂಡು, ಹಣ ಬದಲಾಯಿಸುವ ಅಂಗಡಿಯೊಂದಕ್ಕೆ ನೂರು ಯೂರೋ ಕೊಟ್ಟೆ. ಸಿಕ್ಕಿದ್ದು 1,900 ಕೊರೂನಾ.

ಮಗಳು ರಸೀದಿ ನೋಡಿ ಹೌಹಾರಿದಳು. ಆಗ ಯೂರೋಗೆ 23–24 ಕೊರೂನಾ ನಡೆಯುತ್ತಿತ್ತು. ಕಮಿಷನ್ ಇಲ್ಲ, ನಿಜ. ಅದನ್ನು ದರದಲ್ಲೇ ಮುರಿದುಕೊಂಡಿದ್ದರು!

“ಅಪ್ಪಾ, ರಸೀದಿ ಇದೆಯಲ್ಲ, ಬನ್ನಿ” ಎಂದು ಕರೆದೊಯ್ದಳು. 2019ರ ಏಪ್ರಿಲ್‌ನಿಂದ ಆ ದೇಶದಲ್ಲೊಂದು ಕಾನೂನಿದೆ. ಸಾವಿರ ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ಗ್ರಾಹಕ ರದ್ದು ಮಾಡಬಹುದು. ಅಂಗಡಿಯವನು ಮುಖ ಗಂಟಿಕ್ಕಿಕೊಂಡೇ ನನ್ನ ನೋಟು ವಾಪಸು ಕೊಟ್ಟ.

ಅವಳಿಗೆ ಇದು ದಿನನಿತ್ಯದ ಲೆಕ್ಕ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕಸುಬು. ಯಾರ ನೌಕರಿಯಲ್ಲೂ ಇಲ್ಲ. ಜರ್ಮನಿಯ ಪ್ರಕಾಶಕರು ಯೂರೋ ಕೊಡುತ್ತಾರೆ, ಅಮೆರಿಕದವರು ಡಾಲರ್. ಚೆಕ್ ದೇಶ 2004ರಲ್ಲೇ ಐರೋಪ್ಯ ಒಕ್ಕೂಟ ಸೇರಿದ್ದರೂ ಯೂರೋ ಒಪ್ಪಿಕೊಂಡಿಲ್ಲ. ಹಾಗಾಗಿ ಬಾಡಿಗೆ, ತಿಂಗಳ ಆರೋಗ್ಯ ವಿಮೆ ಎಲ್ಲ ಕೊರೂನಾದಲ್ಲೇ. ಊರಿನಲ್ಲಿ ಓದಿನ ಸಾಲದ ಕಂತು ಮಾತ್ರ ರೂಪಾಯಿಯಲ್ಲಿ.

ಮೊದಲ ವರ್ಷ ಪೆಟ್ಟು ತಿಂದಿದ್ದಾಳೆ. 2022ರ ಸೆಪ್ಟೆಂಬರಿನಲ್ಲಿ ಡಾಲರಿಗೆ 25 ಕೊರೂನಾ ಇದ್ದಾಗ ಒಂದು ಪುಸ್ತಕಕ್ಕೆ ಒಪ್ಪಿಕೊಂಡಳು. ಹಣ ಕೈಗೆ ಬರುವ ಹೊತ್ತಿಗೆ ಡಾಲರ್ 22ರ ಆಸುಪಾಸಿಗೆ ಇಳಿದಿತ್ತು. ಸಾವಿರ ಡಾಲರಿಗೆ ಮೂರು ಸಾವಿರ ಕೊರೂನಾ ಖೋತಾ. ಮನೆಯೊಡೆಯರು ಬಾಡಿಗೆ ಇಳಿಸುತ್ತಾರೆಯೇ? ಆ ತಿಂಗಳು ನಮಗೆ ಹೇಳದೆ ಗೆಳತಿಯಿಂದ ಸಾಲ ಮಾಡಿದ್ದಳಂತೆ. ಕೇಳಿ ನನಗೆ ಊಟ ಸೇರಲಿಲ್ಲ.

ಈಗ ಅವಳ ಖಾತೆಯಲ್ಲಿ ಡಾಲರ್, ಯೂರೋ, ಕೊರೂನಾ ಬೇರೆ ಬೇರೆ ಇರುತ್ತವೆ, ಅಡುಗೆಮನೆಯ ಡಬ್ಬಿಗಳ ಹಾಗೆ. ಬಂದ ಹಣವನ್ನು ಬಂದ ನಾಣ್ಯದಲ್ಲೇ ಇಟ್ಟು, ಖರ್ಚಿಗೆ ಬೇಕಾದಷ್ಟನ್ನೇ ಬದಲಾಯಿಸುತ್ತಾಳೆ. ಮೂರು ತಿಂಗಳ ಬಾಡಿಗೆ ಮಾತ್ರ ಸದಾ ಕೊರೂನಾದಲ್ಲಿ. ಪ್ರಕಾಶಕರಿಂದ ಅರ್ಧ ಹಣ ಮುಂಗಡ.

ನಾನು ಮೇಷ್ಟ್ರು, ನನ್ನ ರೀತಿಯಲ್ಲಿ ಅರ್ಥಮಾಡಿಕೊಂಡೆ. ಯಂತ್ರದಿಂದ ಯಂತ್ರಕ್ಕೆ ಶಕ್ತಿ ದಾಟಿಸಿದಾಗಲೆಲ್ಲ ಘರ್ಷಣೆಯಲ್ಲಿ ಸ್ವಲ್ಪ ಹೋಗುತ್ತದಲ್ಲ, ಹಾಗೆ. ಡಾಲರಿನಿಂದ ಯೂರೋ, ಯೂರೋದಿಂದ ಕೊರೂನಾ, ಕೊರೂನಾದಿಂದ ರೂಪಾಯಿ. ಪ್ರತಿ ಸಲ ನೂರಕ್ಕೆ ಮೂರು ಸೋರಿದರೆ ಕೊನೆಗೆ ಉಳಿಯುವುದು 91ಕ್ಕೆ ತುಸು ಹೆಚ್ಚು. ಎಟಿಎಂ ಯಂತ್ರವೂ ‘ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಲೇ?’ ಎಂದು ನಯವಾಗಿ ಕೇಳುತ್ತದೆ. ಬೇಡ ಎನ್ನಬೇಕು. ಹೂಂ ಎಂದರೆ ಯಂತ್ರದವರು ತಮಗೆ ಬೇಕಾದ ದರ ಹಾಕುತ್ತಾರೆ.

ಮರುದಿನ ಬಸ್ ಹಿಡಿದು ಕಾರ್ಲೋವಿ ವಾರಿ ದಾಟಿ ಯಾಖೀಮೊವ್ ಎಂಬ ಪುಟ್ಟ ಊರಿಗೆ ಹೋದೆವು. ಕಡಿದಾದ ಕಣಿವೆಯಲ್ಲಿ ಒಂದೇ ಉದ್ದನೆಯ ಬೀದಿ, ಅರ್ಧ ಮನೆಗಳ ಕಿಟಕಿ ಮುಚ್ಚಿವೆ. 1520ರ ಸುಮಾರಿಗೆ ಇಲ್ಲಿನ ಗಣಿಯ ಬೆಳ್ಳಿಯಿಂದ ದಪ್ಪ ನಾಣ್ಯ ಟಂಕಿಸಿದರು. ಊರಿನ ಜರ್ಮನ್ ಹೆಸರು ಯೋವಾಖಿಮ್ಸ್‌ಟಾಲ್. ಅದರಿಂದ ನಾಣ್ಯಕ್ಕೆ ‘ಟಾಲರ್’ ಎಂಬ ಹೆಸರು ಬಂತು. ಅದೇ ಬಾಯಿಂದ ಬಾಯಿಗೆ ಹೋಗಿ ಡಾಲರ್ ಆಯಿತು! ಹಳೆಯ ಟಂಕಸಾಲೆ ಈಗ ವಸ್ತುಸಂಗ್ರಹಾಲಯ. ನನಗೆ ಅದಕ್ಕಿಂತ ರೋಮಾಂಚನವಾದದ್ದು, ಬೆಳ್ಳಿ ಮುಗಿದ ಮೇಲೆ ಗಣಿಗಾರರು ಕಸವೆಂದು ಎಸೆದ ಕಪ್ಪು ಅದಿರು. 1898ರಲ್ಲಿ ರೇಡಿಯಂ ಇದೆಯೆಂದು ಸಾರಿದ ಮೇರಿ ಮತ್ತು ಪಿಯರ್ ಕ್ಯೂರಿ, ಅದನ್ನು ಬೇರ್ಪಡಿಸಲು ತರಿಸಿಕೊಂಡದ್ದು ಇಲ್ಲಿನ ಅದಿರಿನ ಚರಟವನ್ನೇ. ಎಷ್ಟು ವರ್ಷ ಪಾಠ ಮಾಡಿದ್ದೇನೆ, ಈ ಊರು ಭೂಪಟದಲ್ಲಿ ಎಲ್ಲಿದೆಯೆಂದು ಹುಡುಕಿರಲಿಲ್ಲ.

ಚಳಿಗೆ ಒಂದು ಹೋಟೆಲು ಹೊಕ್ಕು ಸೂಪು ಕುಡಿದೆವು. ಮಗಳು 200 ಕೊರೂನಾದ ನೋಟು ಕೊಡುವ ಮೊದಲು ನನಗೆ ತೋರಿಸಿದಳು. ಅದರ ಮೇಲಿರುವುದು ಕೊಮೇನಿಯಸ್, 1658ರಲ್ಲಿ ಮಕ್ಕಳಿಗೆಂದು ಚಿತ್ರಗಳ ಪಠ್ಯಪುಸ್ತಕ ಮಾಡಿದ ಮೇಷ್ಟ್ರು. “ನಿಮ್ಮವರೂ ಹೌದು, ನಮ್ಮವರೂ ಹೌದು” ಎಂದು ನಕ್ಕಳು.

ಅಷ್ಟರಲ್ಲಿ ಅವಳ ಫೋನು ಸದ್ದು ಮಾಡಿತು. ಅಮೆರಿಕದ ಹಣ ಬಂದಿತ್ತು, ನಡುವಿನ ಬ್ಯಾಂಕು ಹದಿನೈದು ಡಾಲರ್ ಮುರಿದುಕೊಂಡು. “ಬದಲಾಯಿಸುತ್ತೀಯಾ?” ಎಂದೆ. “ಈ ತಿಂಗಳ ಬಾಡಿಗೆ ಕಟ್ಟಿಯಾಗಿದೆಯಪ್ಪ, ಇರಲಿ” ಎಂದು ಫೋನು ಚೀಲಕ್ಕೆ ಹಾಕಿ, ಚಿಲ್ಲರೆ ಎಣಿಸಿಕೊಂಡಳು.