ಭಾಗವತರಿಲ್ಲದ ಹಿಮ್ಮೇಳ

ಅರುವತ್ತಾರನೆಯ ವಯಸ್ಸಿನಲ್ಲಿ ಮನುಷ್ಯನು ಹೊಸದಾಗಿ ಕಲಿಯಬೇಕಾದ ವಿದ್ಯೆಗಳು ಕೆಲವಿವೆ. ಸಕ್ಕರೆಯಿಲ್ಲದ ಕಾಫಿ ಕುಡಿಯುವುದು ಒಂದು; ಕಿರಿಯರ ಮುಂದೆ ವಾದ ನಿಲ್ಲಿಸುವುದು ಇನ್ನೊಂದು. ಜಪಾನೀ ಭಾಷೆಯಲ್ಲಿ ಹಾಡುವುದು ಆ ಪಟ್ಟಿಗೆ ಸೇರಿದ್ದಲ್ಲ. ಆದರೂ 2023ರ ಮಳೆಗಾಲವಿಡೀ ಸಾಲಿಗ್ರಾಮದ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ನಾನು ಮಾಡಿದ ಕೆಲಸ ಅದೇ.

ಕಾರಣ ಹೇಳದಿದ್ದರೆ ಓದುಗರು ನನ್ನ ಬುದ್ಧಿಯ ವಿಷಯದಲ್ಲಿ ಸಂದೇಹಪಟ್ಟಾರು. ನನ್ನ ಒಬ್ಬನೇ ಮಗ ಎಂಟು ವರ್ಷಗಳಿಂದ ಜಪಾನಿನಲ್ಲಿದ್ದಾನೆ. ಅಲ್ಲಿಯ ಹುಡುಗಿಯೊಬ್ಬಳನ್ನು ಮದುವೆಯಾಗುವೆನೆಂದು ಅವನು ತಿಳಿಸಿದ ಮೇಲೆ ಎರಡು ವರ್ಷ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ನನ್ನ ಹೆಂಡತಿ ತೀರಿಕೊಂಡಂದಿನಿಂದ ಮನೆಯನ್ನು ನಡೆಸಿಕೊಂಡು ಬಂದವಳು ನನ್ನ ಅಕ್ಕ. ಆಕೆ ಒಮ್ಮೆ 'ಆಗದು' ಎಂದಳು. ಅನಂತರ ಏನೂ ಅನ್ನಲಿಲ್ಲ. ನಾನು ಅವಳ ಮೌನದ ಹಿಂದೆ ಅಡಗಿಕೊಂಡೆ. ಅಕ್ಕನದು ನೋವು, ನನ್ನದು ಬರಿಯ ಹೇಡಿತನ. ಮಗನ ದೂರವಾಣಿ ಕರೆಗಳು ವಾರಕ್ಕೊಂದಿದ್ದುದು ತಿಂಗಳಿಗೊಂದಾದಾಗ ನನಗೆ ಎಚ್ಚರವಾಯಿತು. ಹುಡುಗಿಯ ತಂದೆತಾಯಿಯರನ್ನು ನೋಡಲು ಕೋಬೆ ನಗರಕ್ಕೆ ಬರುತ್ತೇನೆಂದು ತಿಳಿಸಿದೆ.

ಮಗನಿಂದ ಬಂದ ಉತ್ತರ ವಿಚಿತ್ರವಾಗಿತ್ತು: "ಅಪ್ಪಯ್ಯ, ಅವಳ ತಂದೆ ಮಾತು ಕಡಿಮೆ. ಮನೆಗೆ ಬಂದವರನ್ನು ಊಟವಾದ ಮೇಲೆ ಕರೋಕೆಗೆ ಕರೆದುಕೊಂಡು ಹೋಗುತ್ತಾರೆ. ನೀವು ಒಂದು ಪದ ಕಲಿತು ಬನ್ನಿ. ನಿಮ್ಮಿಬ್ಬರಿಗೂ ಮಾತಿಗಿಂತ ಅದೇ ಸುಲಭ."

ಕರೋಕೆ ಎಂಬುದು ಈಗ ನಮ್ಮ ಕಡೆಯ ಮದುವೆ ಮನೆಗಳಿಗೂ ಬಂದಿದೆ. ಆದರೆ ಆ ಶಬ್ದದ ಅರ್ಥ ನನಗೆ ತಿಳಿದದ್ದು ಆಗಲೇ. 'ಕರ' ಎಂದರೆ ಬರಿದು. 'ಓಕೆ' ಎಂಬುದು ಆರ್ಕೆಸ್ಟ್ರಾ ಎಂಬುದರ ಮೊಟಕು ರೂಪ. ನಮ್ಮೂರ ಮಾತಿನಲ್ಲಿ ಹೇಳುವುದಾದರೆ ಭಾಗವತರಿಲ್ಲದ ಹಿಮ್ಮೇಳ! ಮದ್ದಳೆಯಿದೆ, ಚಂಡೆಯಿದೆ, ಶ್ರುತಿಯಿದೆ. ಭಾಗವತರ ಆಸನ ಮಾತ್ರ ಖಾಲಿ. ಧೈರ್ಯವಿದ್ದವರು ಬಂದು ಕೂರಬಹುದು. ಟೋಕಿಯೋದ ನೆಗಿಶಿ ಶಿಗೆಇಚಿ ಎಂಬವರು 1967ರಲ್ಲಿಯೇ ಇಂಥದೊಂದು ಪೆಟ್ಟಿಗೆಯನ್ನು ಮಾಡಿದ್ದರು. 1971ರಲ್ಲಿ ಕೋಬೆಯ ವಾದ್ಯಗಾರ ಇನೊಉಎ ದೈಸುಕೆ ತಮ್ಮ ಯಂತ್ರವನ್ನು ಪಾನಗೃಹಗಳಿಗೆ ಬಾಡಿಗೆಗೆ ಕೊಡತೊಡಗಿದರು. ಅದಕ್ಕೆ ಅವರು ಹಕ್ಕುಪತ್ರವನ್ನೇ ಮಾಡಿಸಿಕೊಳ್ಳಲಿಲ್ಲ. ಲೋಕವೆಲ್ಲ ಹಾಡಿತು.

ಇನ್ನು ಪದದ ಆಯ್ಕೆ. ಮಗ ಮೊದಲು ಕಳುಹಿಸಿದ್ದು ಈಗಿನ ಹುಡುಗರ ಹಾಡುಗಳನ್ನು. 2019ರಲ್ಲಿ ಬಂದ ಯೊಅಸೊಬಿ ಜೋಡಿಯ ಹಾಡೊಂದನ್ನು ಕೇಳಿದೆ. ಚಂಡೆಯ ಬಿಡಿತಕ್ಕಿಂತಲೂ ವೇಗವಾಗಿ ಅಕ್ಷರಗಳು ಉದುರುತ್ತಿದ್ದವು. ಉಸಿರು ತೆಗೆದುಕೊಳ್ಳಲು ಎಡೆಯೇ ಇರಲಿಲ್ಲ. 2018ರ 'ಲೆಮನ್' ಎಂಬುದು ನಿಧಾನವಾದದ್ದು, ಮನೋಹರವಾದದ್ದು. ಆದರೆ ಗಾಯಕ ಯೊನೆಜು ಕೆನ್ಶಿ ಕಂಠವನ್ನು ಎತ್ತರಕ್ಕೆ ಒಯ್ಯುವಲ್ಲಿ ನನ್ನ ಕಂಠ ಕೆಳಗಿನ ಮೆಟ್ಟಿಲಲ್ಲೇ ಕುಳಿತುಬಿಡುತ್ತಿತ್ತು. ಮಿಸೊರಾ ಹಿಬರಿ ಎಂಬ ಮಹಾಗಾಯಕಿ ತೀರಿಕೊಂಡ ವರ್ಷವಾದ 1989ರಲ್ಲಿ ಹೊರಬಂದ, ನದಿಯ ಹರಿವನ್ನು ಕುರಿತ ಗೀತೆಯೂ ಇತ್ತು. ಸೀತಾ ನದಿಯ ಸೀಮೆಯವನಾದ ನನಗೆ ಅದು ಹಿಡಿಸಿತು. ಆದರೆ ನಿಧಾನದ ಪದಗಳಲ್ಲಿ ಒಂದು ಅಪಾಯವಿದೆ: ಮಾಡಿದ ತಪ್ಪು ಬೇಗನೆ ದಾಟಿಹೋಗುವುದಿಲ್ಲ!

ಹೀಗೆ ಬಿಡುತ್ತ ಬಿಡುತ್ತ ಕೆಲವು ನಿಯಮಗಳು ನನಗೇ ಹೊಳೆದವು. ಪದ ತೀರ ವೇಗವಾಗಿರಬಾರದು, ತೀರ ನಿಧಾನವೂ ಆಗಬಾರದು. ಮೇಲಿನ ಸ್ವರಕ್ಕೂ ಕೆಳಗಿನ ಸ್ವರಕ್ಕೂ ಅಂತರ ಕಡಿಮೆಯಿರಬೇಕು. ಪಲ್ಲವಿ ಮತ್ತೆ ಮತ್ತೆ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೇಳುವವರಿಗೆ ಅದು ಮೊದಲೇ ಗೊತ್ತಿರಬೇಕು.

ಈ ನಿಯಮಗಳಿಗೆಲ್ಲ ಹೊಂದಿದ್ದು ಸಕಾಮೊತೊ ಕ್ಯೂ 1961ರಲ್ಲಿ ಹಾಡಿದ 'ಉಎ ಒ ಮುಯಿತೆ ಅರುಕೋ'. ತಲೆಯೆತ್ತಿ ನಡೆಯೋಣ ಎಂದು ಅದರ ಅರ್ಥ. ಪದ ಎಇ ರೊಕುಸುಕೆಯವರದು, ಸಂಗೀತ ನಕಮುರಾ ಹಚಿದೈಯವರದು. 1963ರಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಜಪಾನೀ ಹೆಸರು ನಾಲಗೆಗೆ ಹೊರಳದೆಂದು ಪಶ್ಚಿಮದವರು ಅದಕ್ಕೆ 'ಸುಕಿಯಾಕಿ' ಎಂದು ಹೆಸರಿಟ್ಟರು. ಅದು ದನದ ಮಾಂಸದ ಒಂದು ಅಡಿಗೆಯ ಹೆಸರು. ಹಾಡಿನಲ್ಲಿ ಅಡಿಗೆಯ ಸುಳಿವೇ ಇಲ್ಲ. ಈ ಸಂಗತಿಯನ್ನು ಅಕ್ಕನಿಗೆ ನಾನು ಈವರೆಗೂ ತಿಳಿಸಿಲ್ಲ. ಅದನ್ನು ಹಾಡಿದ ಸಕಾಮೊತೊ 1985ರ ಆಗಸ್ಟ್ 12ರಂದು ವಿಮಾನ ದುರಂತದಲ್ಲಿ ತೀರಿಕೊಂಡರು. ಆಗ ಅವರಿಗೆ ನಲವತ್ತಮೂರೇ ವರ್ಷ.

ಮಗ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು ಕಳುಹಿಸಿದ. ಆಗ ಒಂದು ಸಮಾಧಾನ ದೊರೆಯಿತು. ಜಪಾನೀ ಶಬ್ದಗಳೂ ನಮ್ಮವುಗಳಂತೆ ಬಹುಮಟ್ಟಿಗೆ ಸ್ವರದಲ್ಲಿಯೇ ಮುಗಿಯುತ್ತವೆ. ಬಿಟ್ಟರೆ ಕೊನೆಯಲ್ಲೊಂದು ಅನುನಾಸಿಕ. ಹ್ರಸ್ವ ದೀರ್ಘಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 'ಒಬಸಾನ್' ಎಂದರೆ ಚಿಕ್ಕಮ್ಮ. 'ಒಬಾಸಾನ್' ಎಂದರೆ ಅಜ್ಜಿ. ಹುಡುಗಿಯ ತಾಯಿಯ ಮುಂದೆ ದೀರ್ಘ ಎಳೆದರೆ ಸಂಬಂಧ ಅಲ್ಲಿಗೇ ಮುಗಿಯಿತೆನ್ನಿ!

ಸಾಧನೆ ಸಾಗಿತು. ಆಚೆಮನೆಯವರು ನಾನು ಯಾವುದೋ ಹೊಸ ಮಂತ್ರವನ್ನು ಜಪಿಸುತ್ತಿದ್ದೇನೆಂದು ಭಾವಿಸಿದರು. ಹಾಡಿನಲ್ಲಿ ಒಂದೆಡೆ ಮಾತಿಲ್ಲದೆ ಸಿಳ್ಳು ಹಾಕುವ ಭಾಗವಿದೆ. ಅದನ್ನು ಪ್ರಯತ್ನಿಸಿದ ದಿನ ಅಕ್ಕ ಒಳಗಿನಿಂದ, "ಮುಚ್ಚಂಜೆ ಹೊತ್ತಿಗೆ ಮನೆಯೊಳಗೆ ಸಿಳ್ಳು ಹಾಕುದಾ?" ಎಂದು ಗದರಿದಳು. ನಾನು ಸಿಳ್ಳನ್ನು ಕೈಬಿಟ್ಟೆ, ಪದವನ್ನು ಬಿಡಲಿಲ್ಲ.

ಒಂದು ಸಂಜೆ ಮಳೆ ಧೋ ಎಂದು ಸುರಿಯುತ್ತಿತ್ತು. ಅಕ್ಕ ದೀಪ ಹಚ್ಚಿ ಚಾವಡಿಗೆ ಬಂದವಳು ಕಂಬಕ್ಕೊರಗಿ ನಿಂತಳು. ಚಿಕ್ಕಂದಿನಲ್ಲಿ ಆಕೆ ಸಂಗೀತ ಕಲಿತವಳು. ಭಜನೆಯಲ್ಲಿ ಈಗಲೂ ಅವಳದೇ ಕಂಠ. ಸ್ವಲ್ಪ ಹೊತ್ತು ಕೇಳಿ, "ಇದ್ ಮೋಹನ ಇದ್ದಂಗೆ ಇತ್ತಲ್ಲ ಮಾರಾಯ?" ಎಂದಳು.

ಮಗನನ್ನು ಕೇಳಿದಾಗ ಅವನು ವಿವರಿಸಿದ. ಜಪಾನಿನ ಹಳೆಯ ಜನಪ್ರಿಯ ಹಾಡುಗಳಲ್ಲಿ 'ಯೊನಾನುಕಿ' ಎಂಬ ಸ್ವರಕ್ರಮವಿದೆ. ನಾಲ್ಕನ್ನೂ ಏಳನ್ನೂ ಬಿಟ್ಟದ್ದು ಎಂದು ಅರ್ಥ. ಮಧ್ಯಮವನ್ನೂ ನಿಷಾದವನ್ನೂ ಬಿಟ್ಟರೆ ಉಳಿಯುವುದು ನಮ್ಮ ಮೋಹನದ ಸ, ರಿ, ಗ, ಪ, ದ. ನಡುವೆ ಒಂದೆಡೆ ಹಾದಿ ಬದಲಿಸಿದರೂ ಈ ಹಾಡಿನ ಬಹುಭಾಗ ಆ ಐದು ಸ್ವರಗಳಲ್ಲೇ ಸಂಚರಿಸುತ್ತದೆ. ಇದನ್ನು ಅಕ್ಕನಿಗೆ ಹೇಳಿದೆ. ಅವಳು ಬತ್ತಿ ಹೊಸೆಯುತ್ತ ಬಹಳ ಹೊತ್ತು ಸುಮ್ಮನಿದ್ದು, ತಲೆಯೆತ್ತದೆಯೇ ಕೇಳಿದಳು: "ಆ ಹೆಣ್ಣಿಗೂ ಈ ಪದ ಬತ್ತಾ?"

ಎರಡು ವರ್ಷಗಳಲ್ಲಿ ಆ ಹುಡುಗಿಯನ್ನು ಕುರಿತು ಅಕ್ಕನ ಬಾಯಿಂದ ಬಂದ ಮೊದಲ ಮಾತು ಅದು.

ನವೆಂಬರಿನಲ್ಲಿ ಕೋಬೆಗೆ ಹೋದೆ. ಊಟವಾದ ಮೇಲೆ ನಾವು ಐವರು ರೈಲಿನ ಡಬ್ಬಿಯಷ್ಟು ಚಿಕ್ಕ ಕೋಣೆಯೊಂದರಲ್ಲಿ ಕುಳಿತೆವು. ಭಾವೀ ಬೀಗರು ಹಳೆಯ ಹಾಡೊಂದನ್ನು ಗಂಭೀರವಾಗಿ ಹಾಡಿ, ಧ್ವನಿವರ್ಧಕವನ್ನು ಎರಡೂ ಕೈಗಳಿಂದ ನನಗೆ ಕೊಟ್ಟರು. ಮಗ ಗುಂಡಿಯೊತ್ತಿ ಶ್ರುತಿಯನ್ನು ಮೂರು ಮನೆ ಕೆಳಗಿಳಿಸಿದ. ಮೊದಲಿನ ಸಾಲುಗಳು ಸರಿಯಾಗಿ ಬಂದವು. ಬಳಿಕ ಚರಣದ ನಡುವೆ, ಇದ್ದಕ್ಕಿದ್ದಂತೆ, ನನ್ನ ಹೆಂಡತಿಯ ನೆನಪಾಯಿತು. ಇಲ್ಲಿ ಕುಳಿತಿರಬೇಕಾದವಳು ಅವಳು. ಬಾಯಿ ಕಟ್ಟಿತು. ಪರದೆಯ ಮೇಲೆ ಅಕ್ಷರಗಳು ನನ್ನನ್ನು ಬಿಟ್ಟು ಮುಂದೆ ಓಡಿದವು.

ಆಗ ಪಕ್ಕದಿಂದ ಮೆಲ್ಲಗೆ ಇನ್ನೊಂದು ಕಂಠ ಬಂದಿತು. ಬೀಗರು ನನ್ನ ಮುಖವನ್ನು ನೋಡದೆ, ಪರದೆಯನ್ನೇ ನೋಡುತ್ತ, ಬಿಟ್ಟ ಸಾಲನ್ನು ಎತ್ತಿಕೊಂಡಿದ್ದರು. ಮರುಸಾಲಿಗೆ ನಾನು ಸೇರಿಕೊಂಡೆ. ಸಿಳ್ಳಿನ ಭಾಗವನ್ನು ಅವರೇ ಹಾಕಿದರು. ಯಂತ್ರ ನಮಗೆ ನೂರಕ್ಕೆ ಅರುವತ್ತೆರಡು ಅಂಕಗಳನ್ನು ಕೊಟ್ಟಿತು. ಮೇಷ್ಟ್ರಾಗಿದ್ದ ಕಾಲದಲ್ಲಿ ನಾನು ಅಷ್ಟು ಧಾರಾಳಿಯಾಗಿರಲಿಲ್ಲ.

ಅನಂತರ ಅವರು ಮೆಲುದನಿಯಲ್ಲಿ ಏನೋ ಹೇಳಿದರು. ಈ ಹಾಡು ಬಂದಾಗ ತಾವು ಚಿಕ್ಕ ಮಗು; ತಾಯಿ ಅಡಿಗೆಮನೆಯಲ್ಲಿ ಇದನ್ನು ಗುನುಗುತ್ತಿದ್ದರು ಎಂದು ಮಗ ತಿಳಿಸಿದ. ನಾನು ಮಗನಿಗೆ ಹೇಳಿದೆ: "ಎರಡು ವರ್ಷ ತಡವಾಗಿ ಬಂದೆನೆಂದು ಅವರಿಗೆ ಹೇಳು. ಕ್ಷಮಿಸಬೇಕೆಂದು ಹೇಳು." ಅವನ ದನಿ ನಡುಗಿತು. ಬೀಗರು ತಲೆಬಾಗಿದರು, ನಾನೂ ಬಾಗಿದೆ. ಅದೇ ನಮ್ಮ ನಿಶ್ಚಿತಾರ್ಥ.

ಸಾಲಿಗ್ರಾಮದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಯಕ್ಷಗಾನದಿಂದ ಮಾತನ್ನು ತೆಗೆದು, ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ಸೇರಿಸಿದಾಗ ಹಲವರು ಹುಬ್ಬು ಗಂಟಿಕ್ಕಿದ್ದರು. ಅರ್ಥಗಾರಿಕೆಯಿಲ್ಲದ ಆಟ ಎಂಥದು ಎಂದು ನಾನೂ ಅಂದವನೇ. ಮಾತಿಲ್ಲದೆಡೆಯಲ್ಲಿಯೂ ಅರ್ಥ ಇರಬಲ್ಲುದೆಂದು ತಿಳಿಯಲು ನಾನು ಕೋಬೆಯವರೆಗೆ ಹೋಗಬೇಕಾಯಿತು. ಸುಲಭವಾದ ಪದವೆಂದರೆ ತಪ್ಪಿಲ್ಲದೆ ಹಾಡಬಹುದಾದದ್ದೆಂದು ಮಳೆಗಾಲವಿಡೀ ನಂಬಿದ್ದೆ. ಅದಲ್ಲ. ನಾವು ತಪ್ಪಿದಾಗ ಪಕ್ಕದವರು ಎತ್ತಿಕೊಳ್ಳಬಹುದಾದದ್ದೇ ಸುಲಭವಾದ ಪದ.

ಊರಿಗೆ ಮರಳಿದ ದಿನ ಅಕ್ಕ ಬಾಗಿಲಲ್ಲೇ ಕೇಳಿದಳು: "ಪದ ಸಮಾ ಬಂತಾ?"

"ಇಲ್ಲ ಅಕ್ಕ, ನಡುವೆ ತಪ್ಪಿತು. ಬೀಗರು ಸೇರಿಕೊಂಡರು."

'ಬೀಗರು' ಎಂಬ ಮಾತನ್ನು ಅಕ್ಕ ಗಮನಿಸಿದಳು. ಕಾಲು ತೊಳೆಯಲು ನೀರು ಕೊಡುತ್ತ, "ಹಂಗಾರೆ ಒಳ್ಳೇದೇ ಆಯ್ತ್" ಎಂದಳು.