ಸಣ್ಣ ಮೊನೆಯ ಜೆಲ್ ಪೆನ್ನು

ಜೆಲ್ ಪೆನ್ನಿನ ಮೈಮೇಲೆ 0.5, 0.38, 0.3 ಎಂದು ಅಚ್ಚಾಗಿರುವ ಅಂಕಿ ಅದರ ಮೊನೆಯಲ್ಲಿ ಕೂತ ಗುಂಡಿನ ವ್ಯಾಸ, ಮಿಲಿಮೀಟರ್ ಲೆಕ್ಕದಲ್ಲಿ. ಕಾಗದದ ಮೇಲೆ ಮೂಡುವ ಗೆರೆಯ ದಪ್ಪ ಅದಲ್ಲ. ಗುಂಡಿನ ಕೆಳತುದಿಯಷ್ಟೇ ಕಾಗದವನ್ನು ಮುಟ್ಟುವುದರಿಂದ ಗೆರೆ ಸಾಮಾನ್ಯವಾಗಿ ಅದಕ್ಕಿಂತ ತೆಳುವಾಗಿರುತ್ತದೆ. 0.5ರ ಗುಂಡು ಸುಮಾರು 0.3 ಮಿ.ಮೀ. ಗೆರೆ ಎಳೆದರೆ 0.38ರದು 0.2ರ ಹತ್ತಿರ ನಿಲ್ಲುತ್ತದೆ. 0.5 ಮತ್ತು ಅದಕ್ಕಿಂತ ಕೆಳಗಿನವನ್ನು ಸಣ್ಣ ಮೊನೆ ಎನ್ನಬಹುದು. ಇವುಗಳಲ್ಲಿ ತಮ್ಮ ಕೈಗೆ ಒಗ್ಗುವ ಒಂದನ್ನು ಹುಡುಕುವವರು ಪೆನ್ನನ್ನು ಮಾತ್ರ ನೋಡಿದರೆ ಸಾಲದು. ಬರೆಯುವ ಲಿಪಿ, ಕಾಗದ, ಕೈಯ ಭಾರ ಮೂರನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಕನ್ನಡ ಬರೆಯುವವರಿಗೆ ಮೊನೆಯ ಗಾತ್ರ ಬರೀ ಅಭಿರುಚಿಯ ಮಾತಲ್ಲ. ಡ ಮತ್ತು ಢ, ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಬೇರೆಯಾಗುವುದು ಕೆಳಗಿನ ಒಂದು ಪುಟ್ಟ ಸೀಳಿನಿಂದ. ಠ ಎಂಬುದು ರ ಆಗದಂತೆ ಕಾಯುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಬರವಣಿಗೆ ಚಿಕ್ಕದಿದ್ದು ಗೆರೆ ದಪ್ಪವಾದರೆ ಚುಕ್ಕೆ ಮುಚ್ಚಿಹೋಗುತ್ತದೆ, ಸೀಳು ಕೂಡಿಕೊಳ್ಳುತ್ತದೆ, ಅನುಸ್ವಾರದ ಸೊನ್ನೆ ಬೊಟ್ಟಾಗುತ್ತದೆ. ಒತ್ತಕ್ಷರದ ಕಷ್ಟ ಇನ್ನೂ ಹೆಚ್ಚಿನದು. ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮಿ’ ಎಂದು ಬರೆಯುವಾಗ ಮೂಲ ಅಕ್ಷರದ ಕೆಳಗೆ, ಬಲಕ್ಕೆ ಎರಡೆರಡು ಒತ್ತುಗಳು ಕೂರಬೇಕು. ಅವು ಮುಂದಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗದಂತೆಯೂ ಇರಬೇಕು. ಗೆರೆ ಎಳೆದ ಸಾಧಾರಣ ನೋಟ್‌ಬುಕ್ಕಿನಲ್ಲಿ 0.7ರ ಪೆನ್ನಿಗೆ ಇದು ಇಕ್ಕಟ್ಟು. 0.5 ಅಥವಾ 0.38 ಹಿಡಿದರೆ ಅದೇ ಕೈಬರಹ ಬಿಡಿಸಿದಂತೆ ಓದಲು ಬರುತ್ತದೆ. ಮೌಲ್ಯಮಾಪಕರ ಕಣ್ಣಿಗೆ, ವರ್ಷಗಳ ನಂತರ ತಮ್ಮದೇ ದಿನಚರಿ ತೆರೆಯುವವರ ಕಣ್ಣಿಗೆ ಇದು ದೊಡ್ಡ ಉಪಕಾರ.

ಇಷ್ಟು ಸಣ್ಣ ಮೊನೆಯಿಂದ ಇಷ್ಟು ಗಾಢವಾದ ಗೆರೆ ಬರುವುದು ಶಾಯಿಯ ಗುಣದಿಂದ. ಬಾಲ್‌ಪೆನ್ನಿನದು ಎಣ್ಣೆಯಂಥ ಮಂದ ಶಾಯಿ. ಅದು ಹರಡುವುದಿಲ್ಲ, ಬೇಗ ಒಣಗುತ್ತದೆ, ಆದರೆ ಒತ್ತಿ ಬರೆಯಬೇಕು. ನೀರಿನಂಥ ಶಾಯಿಯ ಪೆನ್ನು ಒತ್ತಡ ಕೇಳುವುದಿಲ್ಲ, ಬದಲಿಗೆ ಕಾಗದದಲ್ಲಿ ಇಳಿಯುತ್ತದೆ. ಎರಡರ ಒಳ್ಳೆಯ ಗುಣಗಳನ್ನು ಒಂದರಲ್ಲೇ ತರಲು ಹೊರಟದ್ದು ಜಪಾನಿನ ಒಸಾಕಾದ ಸಕುರಾ ಕಂಪನಿ, ಮಕ್ಕಳ ಕ್ರೇಯಾನ್‌ಗಳಿಂದ ಹೆಸರಾದ ಸಂಸ್ಥೆ. ಅದರ ‘ಬಾಲ್‌ಸೈನ್’ 1984ರಲ್ಲಿ ಮಾರುಕಟ್ಟೆಗೆ ಬಂತು. ಜಗತ್ತಿನ ಮೊದಲ ಜೆಲ್ ಪೆನ್ನು ಅದು. ನೀರಿನ ಶಾಯಿಯನ್ನು ಗಟ್ಟಿಗೊಳಿಸಲು ಅಲ್ಲಿನವರಿಗೆ ಒದಗಿದ್ದು ಕ್ಸಾಂಥಾನ್ ಗಮ್, ಸಾಸ್ ಮತ್ತು ಐಸ್‌ಕ್ರೀಮ್‌ಗಳಲ್ಲಿ ಬಳಕೆಯಾಗುವ ಅಂಟು. ಎಲೆಕೋಸಿಗೆ ಕಪ್ಪು ಕೊಳೆ ರೋಗ ತರುವ ಬ್ಯಾಕ್ಟೀರಿಯಾವೇ ಇದನ್ನು ತಯಾರಿಸುತ್ತದೆ. ತೋಟದ ಶತ್ರುವೊಂದು ಬರವಣಿಗೆಗೆ ಇಷ್ಟು ನೆರವಾದದ್ದು ನಿಜಕ್ಕೂ ಸಂತೋಷದ ಸಂಗತಿ.

ಈ ಅಂಟು ಬೆರೆತ ಶಾಯಿ ಸುಮ್ಮನಿದ್ದಾಗ ಮುದ್ದೆಯಂತಿದ್ದು, ಗುಂಡು ಉರುಳಿದಾಗಿನ ತಿಕ್ಕಾಟಕ್ಕೆ ಒಮ್ಮೆಲೇ ತೆಳ್ಳಗಾಗಿ ಹರಿಯುತ್ತದೆ. ಕಾಗದ ಸೇರಿದ ಕೂಡಲೇ ಮತ್ತೆ ಮಂದವಾಗುತ್ತದೆ. ಆದ್ದರಿಂದಲೇ ಅದು ಜೇಬಿನಲ್ಲಿ ಸೋರುವುದಿಲ್ಲ, ಕೈಗೆ ಭಾರವೂ ಆಗುವುದಿಲ್ಲ. ಗುಂಡು ಹೆಚ್ಚಾಗಿ ಟಂಗ್‌ಸ್ಟನ್ ಕಾರ್ಬೈಡಿನದು. ಕಡ್ಡಿಯ ಹಿಂಬದಿಯಲ್ಲಿ, ಶಾಯಿಯ ಬೆನ್ನಿಗೆ ಕಾಣುವ ತಿಳಿಬಣ್ಣದ ಜಿಡ್ಡು ಹಾಳಾದ ಶಾಯಿಯಲ್ಲ. ಶಾಯಿ ಆರದಂತೆ, ಹಿಂದಕ್ಕೆ ಹರಿಯದಂತೆ ತಡೆದು ಅದರ ಜೊತೆಗೇ ಮುಂದೆ ಸರಿಯುವ ಗ್ರೀಸು ಅದು.

ಮೊನೆಯ ಆಕಾರ ಎರಡು ಬಗೆ. ಶಂಕುವಿನಂತಿರುವುದು ಗಟ್ಟಿ, ಒತ್ತಿ ಬರೆಯುವವರಿಗೂ ತಡೆಯುತ್ತದೆ. ಸೂಜಿಯಂತೆ ನೀಳವಾದದ್ದು ಅಕ್ಷರ ಎಲ್ಲಿ ಮೂಡುತ್ತಿದೆ ಎಂಬುದನ್ನು ಮರೆಮಾಡದೆ ತೋರಿಸುತ್ತದೆ, ಸ್ಕೇಲಿನ ಅಂಚಿಗೂ ಸರಿಯಾಗಿ ಕೂರುತ್ತದೆ. ಆದರೆ ಒಮ್ಮೆ ತಲೆಕೆಳಗಾಗಿ ನೆಲಕ್ಕೆ ಬಿದ್ದರೆ ಬಾಗಿಹೋಗುವ ಭಯ. 1994ರಲ್ಲಿ ಬಂದ ಪೈಲಟ್ ಕಂಪನಿಯ ‘ಹೈಟೆಕ್-ಸಿ’ ಸೂಜಿಮೊನೆಯ ಜೆಲ್ ಪೆನ್ನುಗಳಲ್ಲಿ ಹೆಸರುವಾಸಿ. ಅದರಲ್ಲಿ 0.25ರ ಮೊನೆಯೂ ಉಂಟು. ಯೂನಿ-ಬಾಲ್‌ನ ‘ಸಿಗ್ನೋ ಡಿಎಕ್ಸ್’ ಶಂಕುಮೊನೆಯದು. ಅದರ 0.38, ಅಕ್ಷರದ ಸ್ಪಷ್ಟತೆ ಮತ್ತು ಕಪ್ಪಿನ ಗಾಢತೆ ಎರಡನ್ನೂ ಒಟ್ಟಿಗೆ ಕೊಡುವ ಅಪರೂಪದ ಪೆನ್ನು.

ಸಣ್ಣದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಕಾಗದದ ಮುಂದೆ ಸೋಲುತ್ತದೆ. ನಮ್ಮ ಶಾಲಾ ನೋಟ್‌ಬುಕ್ಕುಗಳು ಬಹುಮಟ್ಟಿಗೆ 60 ಜಿಎಸ್‌ಎಂ ಆಸುಪಾಸಿನವು. ಅವುಗಳಲ್ಲಿ ಅಗ್ಗದವು ಒರಟು. 0.3ರ ಮೊನೆ ಅಂಥ ಹಾಳೆಯನ್ನು ಕೆರೆಯುತ್ತದೆ, ಸಡಿಲ ನಾರು ಗುಂಡಿನ ಸುತ್ತ ಸೇರಿ ಗೆರೆ ತುಂಡಾಗುತ್ತದೆ. ಹಾಳೆ ಹೆಚ್ಚು ಹೀರುವಂಥದ್ದಾದರೆ ತೆಳು ಗೆರೆಯೂ ಅಂಚಿನಲ್ಲಿ ಕೂದಲೊಡೆದು ದಪ್ಪವಾಗುತ್ತದೆ, ಆಗ ಸಣ್ಣ ಮೊನೆ ಕೊಂಡಿದ್ದೇ ದಂಡ. ನುಣುಪಾದ, 70 ಜಿಎಸ್‌ಎಂಗೆ ಮೇಲ್ಪಟ್ಟ ಹಾಳೆಯಲ್ಲಿ ಇದೇ ಪೆನ್ನು ಸೊಗಸಾಗಿ ಓಡುತ್ತದೆ, ಆದರೆ ಶಾಯಿ ಆರಲು ಹೆಚ್ಚು ಹೊತ್ತು ಬೇಕು. ಎಡಗೈಯಲ್ಲಿ ಬರೆಯುವವರ ಅಂಗೈ ಈಗಷ್ಟೇ ಬರೆದದ್ದರ ಮೇಲೆಯೇ ಸಾಗುವುದರಿಂದ ಅವರಿಗೆ ಮೊನೆಗಿಂತ ಒಣಗುವ ವೇಗವೇ ಮುಖ್ಯ. ಝೀಬ್ರಾದ ‘ಸರಾಸಾ ಡ್ರೈ’ಯಂಥ ಪೆನ್ನುಗಳು ಹುಟ್ಟಿದ್ದೇ ಇದಕ್ಕಾಗಿ. ಒಟ್ಟಿನಲ್ಲಿ ಸಾಧಾರಣ ನೋಟ್‌ಬುಕ್ಕಿಗೆ 0.5, ಒಳ್ಳೆಯ ಹಾಳೆಯ ದಿನಚರಿಗೆ 0.38 ಹೊಂದುತ್ತದೆ. ಅದಕ್ಕಿಂತ ಸಣ್ಣವು ಅಂಚಿನ ಟಿಪ್ಪಣಿಗೆ, ನಕ್ಷೆಗೆ, ಕರಡು ತಿದ್ದುವುದಕ್ಕೆ ಸರಿ, ಪುಟಗಟ್ಟಲೆ ಬರೆಯುವುದಕ್ಕಲ್ಲ.

ಶಾಯಿಯ ಬಣ್ಣ ಪಿಗ್ಮೆಂಟಿನದೋ ಡೈಯದೋ ಎಂಬುದನ್ನೂ ಗಮನಿಸಬೇಕು. ಡೈ ನೀರಿನಲ್ಲಿ ಕರಗಿರುತ್ತದೆ, ಮಳೆಹನಿ ಬಿದ್ದರೆ ಕದಡುತ್ತದೆ. ಪಿಗ್ಮೆಂಟು ಕರಗದ ಕಣಗಳಾಗಿ ನಾರಿನಲ್ಲಿ ಸಿಕ್ಕಿಕೊಳ್ಳುವುದರಿಂದ ನೀರಿಗೂ ಬಿಸಿಲಿಗೂ ಹೆಚ್ಚು ತಡೆಯುತ್ತದೆ. ಪತ್ರ, ಲೆಕ್ಕ, ಉಳಿಯಬೇಕಾದ ಬರಹ ಯಾವುದಕ್ಕೂ ಪಿಗ್ಮೆಂಟ್ ಶಾಯಿಯೇ ಮೇಲು. ಒಎಂಆರ್ ಹಾಳೆಯ ವಿಷಯ ಬೇರೆ. ಸಿಇಟಿಯಲ್ಲಿ ವೃತ್ತ ತುಂಬಲು ಬಾಲ್‌ಪೆನ್ನನ್ನೇ ಬಳಸಬೇಕು, ಜೆಲ್ ಪೆನ್ನು ಅಲ್ಲಿ ಮನೆಯಲ್ಲೇ ಉಳಿಯಲಿ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಾಗಲಿ ತಾಲ್ಲೂಕು ಕೇಂದ್ರದ ಸ್ಟೇಷನರಿ ಅಂಗಡಿಯಲ್ಲಾಗಲಿ, ಪೆನ್ನು ಪರೀಕ್ಷಿಸಲು ಕೊಡುವ ಚೂರುಕಾಗದದಲ್ಲಿ ಜನ ಸಾಮಾನ್ಯವಾಗಿ ಸುರುಳಿ ಗೀಚುತ್ತಾರೆ, ಇಲ್ಲವೇ ಸಹಿ ಹಾಕುತ್ತಾರೆ. ಸುರುಳಿಯಲ್ಲಿ ಎಲ್ಲ ಪೆನ್ನೂ ಚೆನ್ನಾಗಿಯೇ ಓಡುತ್ತದೆ. ದಿನವೂ ಬಳಸುವ ನೋಟ್‌ಬುಕ್ಕಿನ ಒಂದು ಹಾಳೆ ಒಯ್ದು, ಒತ್ತಕ್ಷರವಿರುವ ನಾಲ್ಕು ಸಾಲನ್ನು ತನ್ನ ಮಾಮೂಲಿ ವೇಗದಲ್ಲಿ ಬರೆದು ನೋಡಬೇಕು. ಸಾಲಿನ ಮೊದಲಕ್ಷರ ಬಿಟ್ಟುಹೋಗುತ್ತದೆಯೇ, ತಿರುವಿನಲ್ಲಿ ಗೆರೆ ಬಿಳಿಚುತ್ತದೆಯೇ, ಬೆರಳು ಒತ್ತಡ ಹೆಚ್ಚಿಸುತ್ತಿದೆಯೇ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಬೇಕು.

ಜೆಲ್ ಕಡ್ಡಿ ಬಾಲ್‌ಪೆನ್ನಿನದಕ್ಕಿಂತ ಬೇಗ ಖಾಲಿಯಾಗುತ್ತದೆ, ಏಕೆಂದರೆ ಪ್ರತಿ ಗೆರೆಗೂ ಅದು ಹೆಚ್ಚು ಶಾಯಿ ಸುರಿಯುತ್ತದೆ. ಹಾಗಾಗಿ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ ಕಡ್ಡಿಯದು: ಹತ್ತಿರದ ಅಂಗಡಿಯಲ್ಲಿ ಅದೇ ಅಳತೆಯ ಕಡ್ಡಿ ಬಿಡಿಯಾಗಿ ಸಿಗುತ್ತದೆಯೇ? ಸಿಗದಿದ್ದರೆ ಮೆಚ್ಚಿದ ಪೆನ್ನೂ ಒಂದೆರಡು ತಿಂಗಳ ನೆಂಟ. ಸಿಕ್ಕರೆ ನಾಲ್ಕೈದನ್ನು ತಂದಿಡಬಹುದು, ಡಬ್ಬಿಗಟ್ಟಲೆ ಬೇಡ. ವರ್ಷಗಳು ಕಳೆದಂತೆ ಜೆಲ್ ಶಾಯಿ ಕಡ್ಡಿಯೊಳಗೇ ಆರುತ್ತಾ ಬರುತ್ತದೆ, ಸಣ್ಣ ಮೊನೆಯವು ಮೊದಲು ಕಟ್ಟಿಕೊಳ್ಳುತ್ತವೆ.