ಮೂವತ್ತು ಸೂರ್ಯರ ಫ್ಲೆಕ್ಸ್

ಫೋಟೋಗ್ರಫಿ ಓದುತ್ತೇನೆ ಅಂತ ಮಕ್ಕಳು ಹೇಳಿದರೆ ಸಾಕು, ‘ಬಟನ್ ಒತ್ತೋಕೂ ಡಿಗ್ರಿ ಬೇಕೇನಪ್ಪಾ?’ ಎಂಬ ಪ್ರಶ್ನೆ ತಯಾರಾಗಿರುತ್ತದೆ. ಕೋಲಾರವಾಗಲಿ ಶ್ರೀನಿವಾಸಪುರವಾಗಲಿ, ಪ್ರಶ್ನೆಯ ಧಾಟಿ ಬದಲಾಗದು. ಅದರಲ್ಲಿ ನ್ಯಾಯವೇ ಇಲ್ಲ ಎನ್ನಲಾರೆ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಬೆಳಕು, ಫೋಕಸ್ಸುಗಳನ್ನೆಲ್ಲ ಫೋನೇ ನೋಡಿಕೊಳ್ಳುತ್ತದೆ. ಹೀಗಿರುವಾಗ ಮೈಸೂರಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಚಿತ್ರಕಲೆ, ಶಿಲ್ಪಕಲೆಗಳ ಸಾಲಿನಲ್ಲೇ ಛಾಯಾಚಿತ್ರವನ್ನೂ ವರ್ಷಗಟ್ಟಲೆ ಕಲಿಸುತ್ತಾರೆ ಎಂದರೆ ನಗು ಬರುವುದು ಸಹಜ. ಆದರೆ ಮಾಸ್ತಿಯವರನ್ನು ಕೊಟ್ಟ ಮಾಲೂರು ತಾಲ್ಲೂಕಿನಲ್ಲಿ, ಡಿವಿಜಿ ಹುಟ್ಟಿದ ಮುಳಬಾಗಿಲಿನಲ್ಲಿ, ಅಕ್ಷರ ಬಂದ ಮಾತ್ರಕ್ಕೆ ಬರಹ ಬಂತು ಎಂದು ಯಾರೂ ತಿಳಿಯುವುದಿಲ್ಲ. ಕ್ಯಾಮೆರಾ ಬಂದ ಮಾತ್ರಕ್ಕೆ ಫೋಟೋ ಬಂತು ಎಂಬ ಧಾರಾಳವೆಲ್ಲ ಚಿತ್ರದ ವಿಷಯದಲ್ಲಿ ಮಾತ್ರ.

ಕೋಲಾರ ಜಿಲ್ಲೆಯ ನಮ್ಮ ಈ ನಾಲ್ಕು ಊರುಗಳಲ್ಲಿ ಜನ ದಿನವೂ ನೋಡುವ ಫೋಟೋ ಯಾವುದು? ಮದುವೆ ಆಲ್ಬಮ್ಮೂ ಅಲ್ಲ, ಪತ್ರಿಕೆಯ ಮುಖಪುಟವೂ ಅಲ್ಲ. ಬಸ್ ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ ಹಗ್ಗ ಬಿಗಿಸಿಕೊಂಡು ನಿಂತಿರುವ ಹುಟ್ಟುಹಬ್ಬದ ಫ್ಲೆಕ್ಸು. 2016ರಲ್ಲೇ ಸರ್ಕಾರ ಇದನ್ನು ನಿಷೇಧಿಸಿದೆ. ನಿಷೇಧಿಸಿದ ಸರ್ಕಾರದವರ ಮುಖಗಳೂ ಅದರಲ್ಲೇ ಇರುತ್ತವೆ, ಆ ಮಾತು ಬಿಡಿ. ಒಮ್ಮೆ ನಿಂತು ನೋಡಿ. ಮೇಲೆ ದುಂಡಗಿನ ಚೌಕಟ್ಟುಗಳಲ್ಲಿ ದೊಡ್ಡ ನಾಯಕರ ಸಾಲು. ನಡುವೆ ಕೂಲಿಂಗ್ ಗ್ಲಾಸ್ ಹಾಕಿ, ಕೈಮುಗಿದು, ಆಳೆತ್ತರಕ್ಕೆ ನಿಂತ ಅಣ್ಣ. ಬೆನ್ನ ಹಿಂದೆ ಹುಲಿಯೋ ಸಿಂಹವೋ. ಕೆಳಗೆ ಶುಭ ಕೋರುವವರ ಮೂವತ್ತು ಮುಖಗಳು, ಸ್ಟ್ಯಾಂಪಿನಷ್ಟು. ಒಬ್ಬನದು ಪಾಸ್‌ಪೋರ್ಟ್ ಸೈಜಿನಿಂದ ಬಂದದ್ದು, ಇನ್ನೊಬ್ಬನದು ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು. ಹಾಗಾಗಿ ಒಬ್ಬನಿಗೆ ಎಡಗೆನ್ನೆಯ ಮೇಲೆ ನೆರಳು, ಪಕ್ಕದವನಿಗೆ ಬಲಗೆನ್ನೆಯ ಮೇಲೆ, ಮತ್ತೊಬ್ಬನಿಗೆ ನೆರಳೇ ಇಲ್ಲ. ಒಂದೇ ಹಾಳೆಯ ಮೇಲೆ ಮೂವತ್ತು ಸೂರ್ಯರು ಬೆಳಗುತ್ತಿದ್ದಾರೆ! ಇಷ್ಟಾದರೂ ಫ್ಲೆಕ್ಸ್ ಅಂಗಡಿಯ ಹುಡುಗನನ್ನು ದಡ್ಡ ಎನ್ನುವಂತಿಲ್ಲ. ಯಾರ ಮುಖ ಯಾರಿಗಿಂತ ಒಂದಂಗುಲ ದೊಡ್ಡದಿರಬೇಕು, ಪಕ್ಷ ಬಿಟ್ಟವನನ್ನು ಯಾವಾಗ ಅಳಿಸಬೇಕು, ಜಾತಿಯ ಮುಖಂಡ ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ ಎಂಬುದೆಲ್ಲ ಅವನಿಗೆ ಕರತಲಾಮಲಕ. ತಾಲ್ಲೂಕಿನ ರಾಜಕೀಯ ತಿಳಿಯಬೇಕಾದರೆ ಗೆಜೆಟಿಯರಿಗಿಂತ ಫ್ಲೆಕ್ಸೇ ವಾಸಿ. ಆದರೆ ತಾನು ಮಾಡಿದ್ದನ್ನು ಹೀಗೆ ಓದಬಹುದೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕಲಾಶಾಲೆ ಕಲಿಸುವುದು ಇದನ್ನೇ. ಉದಾಹರಣೆಗೆ, ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಬರೋಡಾದ ವಿಶ್ವವಿದ್ಯಾಲಯದಲ್ಲಿ ಓದಿದ್ದು ಶಿಲ್ಪಕಲೆ. ಮುಂದೆ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ರಿಂದ 2004ರವರೆಗೆ ಒಂದು ಸರಣಿ ಮಾಡಿದರು. ರವಿವರ್ಮನ ಚಿತ್ರಗಳು, ಸಿನಿಮಾ ಸ್ಟಿಲ್‌ಗಳು, ಬ್ರಿಟಿಷರ ಕಾಲದಲ್ಲಿ ‘ನೇಟಿವ್’ ಹೆಂಗಸರನ್ನು ಅಳತೆಗೆ ನಿಲ್ಲಿಸಿ ತೆಗೆದ ಫೋಟೋಗಳು, ಎಲ್ಲವನ್ನೂ ತಾವೇ ವೇಷ ಹಾಕಿ ಮತ್ತೆ ಕಟ್ಟಿದರು. ಗೋಡೆ ಮೇಲಿನ ಚಿತ್ರ ನಮ್ಮನ್ನು ಹೇಗೆ ಆಳುತ್ತಿತ್ತು ಎಂಬುದು ಆಗ ಕಾಣಿಸಿತು. ಆ ಕೆಲಸದಲ್ಲಿ ಬಟನ್ ಒತ್ತಿದ್ದು ತೀರ ಕೊನೆಯ ಹಂತ.

‘ಟಿ.ಎಸ್. ಸತ್ಯನ್ ಯಾವ ಫೋಟೋ ಕಾಲೇಜಿಗೆ ಹೋಗಿದ್ದರು?’ ಎಂದು ಕೇಳಬಹುದು. ಹೋಗಿರಲಿಲ್ಲ. ಆ ಪತ್ರಿಕಾ ಛಾಯಾಗ್ರಾಹಕರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ‘ಲೈಫ್’ ಪತ್ರಿಕೆಯವರೆಗೆ ಹೋಗಿ, 1977ರಲ್ಲಿ ಪದ್ಮಶ್ರೀ ಪಡೆದರು. ಕಾಡಿನ ಚಿತ್ರಗಳ ಟಿ.ಎನ್.ಎ. ಪೆರುಮಾಳ್ ಅವರಿಗೂ ಫೋಟೋ ಪದವಿಯ ಹಂಗಿರಲಿಲ್ಲ. ಆದರೆ ಪೆರುಮಾಳ್ ಅವರಿಗೆ ಒ.ಸಿ. ಎಡ್ವರ್ಡ್ಸ್ ಎಂಬ ಗುರುವಿದ್ದರು. ಸತ್ಯನ್ ಅವರ ಚಿತ್ರವನ್ನು ತೂಗಿ ನೋಡಲು ಸಂಪಾದಕರಿದ್ದರು. ‘ಇದು ಚೆನ್ನಾಗಿಲ್ಲ, ಯಾಕೆಂದರೆ...’ ಎನ್ನುವವರು ಎದುರಿಗಿದ್ದರು. ಇವತ್ತು ವಾಟ್ಸ್ಯಾಪ್ ಗುಂಪಿಗೆ ಫೋಟೋ ಹಾಕಿದರೆ ‘ಸೂಪರ್ ಗುರು’ ಬಿಟ್ಟು ಬೇರೆ ವಿಮರ್ಶೆ ಹುಟ್ಟುವುದಿಲ್ಲ. ವಿಮರ್ಶೆಗೆ ಉಳಿದಿರುವ ಜಾಗ ತರಗತಿ.

ಇದೆಲ್ಲ ಕಲೆಯ ಶೋಕಿ, ಬರದ ಜಿಲ್ಲೆಗೆ ಯಾಕೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬರದ ಜಿಲ್ಲೆಗೇ ಹೆಚ್ಚು ಬೇಕು ಎಂಬುದು ನನ್ನ ವಾದ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿದ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತು. ಬತ್ತಿದ ಬೋರ್‌ವೆಲ್‌ಗಳಿಗೆ ಜೀವ ಬಂತೆಂದು ರೈತರು ಹಿಗ್ಗಿದರು. ಮೂರನೇ ಹಂತದ ಶುದ್ಧೀಕರಣ ಎಲ್ಲಿ ಎಂದು ಕೆಲವರು ಕೇಳಿದರು. ಈಗ ಆ ಕೆರೆಯ ಫೋಟೋ ತೆಗೆಯಿರಿ. ಸಂಜೆಯಾದರೆ ಯಾವ ನೀರೂ ಚಿನ್ನದ ಬಣ್ಣವೇ. ಆ ಹಿಗ್ಗು ಫೋಟೋದಲ್ಲಿ ಬರುತ್ತದೆ, ಆ ಅನುಮಾನ ಬರುವುದಿಲ್ಲ. ಎರಡೂ ಒಟ್ಟಿಗೆ ಬರಬೇಕಾದರೆ ಎಲ್ಲಿ ನಿಲ್ಲಬೇಕು, ಯಾವ ಚಿತ್ರದ ಪಕ್ಕ ಯಾವುದನ್ನಿಡಬೇಕು, ಕೆಳಗೆ ಎಷ್ಟು ಮಾತು ಬರೆಯಬೇಕು? ಯಾವ ಫೋನೂ ಇದನ್ನು ತಾನಾಗಿ ಹೊಂದಿಸಿಕೊಡುವುದಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ‘ಕೆಜಿಎಫ್’ ಸಿನಿಮಾ ಬಂತು. 2001ರಲ್ಲಿ ಮುಚ್ಚಿದ ನಮ್ಮ ಜಿಲ್ಲೆಯ ಚಿನ್ನದ ಗಣಿಯ ಊರು ಕಪ್ಪು ಧೂಳಿನ ಊರಾಗಿ ಇಡೀ ದೇಶದ ತಲೆಯಲ್ಲಿ ಕೂತಿತು. ಸಿನಿಮಾದವರನ್ನು ಬೈದು ಫಲವಿಲ್ಲ, ಅವರು ತಮ್ಮ ಕಸುಬು ಕಲಿತು ಬಂದವರು. ಎದುರಿಗೆ ಇಡಲು ನಮ್ಮ ಹತ್ತಿರ ಇರುವುದೇನು? ಮಾಲೂರಿನ ಇಟ್ಟಿಗೆ ಗೂಡು, ಕೋಲಾರದ ಟೊಮೆಟೊ ಮಂಡಿ, ಶ್ರೀನಿವಾಸಪುರದ ಮಾವಿನ ಸುಗ್ಗಿ, ಎಲ್ಲವೂ ‘ಗುಡ್ ಮಾರ್ನಿಂಗ್’ ಸಂದೇಶದ ಹಿನ್ನೆಲೆಯಾಗಿ ಹೋಗುತ್ತಿವೆ.

ಪದವಿಯಿಂದ ಕೆಲಸ ಗ್ಯಾರಂಟಿಯೇ ಎಂದರೆ, ಇಲ್ಲ. ಮದುವೆ ಸೀಸನ್ನಿನಲ್ಲಿ ಡಿಗ್ರಿ ಇಲ್ಲದವನೇ ಹೆಚ್ಚು ದುಡಿಯುತ್ತಾನೆ. ಆದರೂ 2017ರಿಂದ ಕೋಲಾರವನ್ನೇ ನೆಲೆ ಮಾಡಿಕೊಂಡಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕಾವಾದಂಥ ಒಂದು ಛಾಯಾಚಿತ್ರ ವಿಭಾಗಕ್ಕೆ ಮನಸ್ಸು ಮಾಡಲಿ. ಅಲ್ಲಿಯವರೆಗೆ, ಮೈಸೂರಿಗೆ ಅರ್ಜಿ ಹಾಕಿದ ಮಗಳನ್ನು ‘ಅದು ಓದಿದರೆ ಕೆಲಸ ಸಿಗುತ್ತೇನಮ್ಮಾ?’ ಎಂದು ಕೇಳುವ ಅಪ್ಪಂದಿರು, ಬಿ.ಇ. ಮುಗಿಸಿ ಮನೆಯಲ್ಲಿ ಕೂತಿರುವ ಮಗನನ್ನೂ ಅದೇ ಪ್ರಶ್ನೆ ಕೇಳಬೇಕಾಗಿ ವಿನಂತಿ.